ನಿಲ್ದಾಣದ ನೆರೆಹೊರೆ

ಅಮೆರಿಕದ ಪಡುವಣ ಕರಾವಳಿಯಲ್ಲಿ ಸಾಂಟಾ ಮೋನಿಕಾ ಎಂಬ ಪಟ್ಟಣವೊಂದಿದೆ. ಲಾಸ್ ಏಂಜಲೀಸ್ ಮಹಾನಗರವು ಅದನ್ನು ಮೂರು ಕಡೆಯಿಂದ ಒತ್ತಿಕೊಂಡು ಬಂದು, ನಾಲ್ಕನೆಯ ಕಡೆಯನ್ನು ಶಾಂತಸಾಗರಕ್ಕೆ ಬಿಟ್ಟುಕೊಟ್ಟಿದೆ. ಜನಸಂಖ್ಯೆ ಒಂದು ಲಕ್ಷಕ್ಕೆ ಕಡಿಮೆ. ಈ ಪಟ್ಟಣದ ಪುರಸಭೆಗೆ ಸ್ವಂತದ್ದೊಂದು ವಿಮಾನ ನಿಲ್ದಾಣವಿದೆ. ನಮ್ಮಲ್ಲಿ ಬೀದಿದೀಪ, ಚರಂಡಿ, ಸಂತೆಮಾಳಗಳ ಯೋಗಕ್ಷೇಮವೇ ಪುರಸಭೆಗೆ ಸಾಕುಬೇಕಾಗಿರುತ್ತದೆ. ವಿಮಾನ ನಿಲ್ದಾಣವೆಂಬುದು ದೆಹಲಿಯವರ, ರಾಜ್ಯ ಸರಕಾರದವರ, ಇಲ್ಲವೆ ದೊಡ್ಡ ಕಂಪೆನಿಗಳ ವಿಷಯ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಣ್ಣ ನಿಲ್ದಾಣಗಳ ಒಡೆತನ ಬಹುಮಟ್ಟಿಗೆ ಊರಿನದು ಇಲ್ಲವೆ ಜಿಲ್ಲೆಯದು. ಆದುದರಿಂದ ವಿಮಾನದ ಸದ್ದಿಗೆ ನಿದ್ದೆಗೆಟ್ಟವನು ದೂರು ಕೊಡಲು ರಾಜಧಾನಿಗೆ ಹೋಗಬೇಕಾಗಿಲ್ಲ. ತನ್ನ ಕಂದಾಯವನ್ನು ಯಾರಿಗೆ ಕಟ್ಟುತ್ತಾನೋ ಅವರನ್ನೇ ಹೋಗಿ ಕೇಳಬಹುದು.

ಕೇಳಬಹುದು, ನಿಜ. ಕೇಳಿಸಿಕೊಂಡವರು ಏನು ಮಾಡಬಲ್ಲರು ಎಂಬುದು ಬೇರೆಯ ಪ್ರಶ್ನೆ. ಸಾಂಟಾ ಮೋನಿಕಾದ ನಿಲ್ದಾಣವನ್ನು 2028ರ ಡಿಸೆಂಬರ್ 31ರ ಬಳಿಕ ಮುಚ್ಚುವ ಅಧಿಕಾರ ಅಲ್ಲಿನ ಪುರಸಭೆಗೆ ದೊರೆತಿದೆ. ಮುಚ್ಚುವುದೆಂದು ಅದು ನಿಶ್ಚಯಿಸಿಯೂ ಇದೆ. ನೂರು ವರ್ಷ ತುಂಬಿದ, ಜಗತ್ತಿನ ವಿಮಾನಯಾನದ ಚರಿತ್ರೆಯಲ್ಲಿ ದೊಡ್ಡ ಹೆಸರಿರುವ ಒಂದು ನೆಲ ಹೀಗೆ ಕಣ್ಮರೆಯಾಗುವ ಹಂತಕ್ಕೆ ಬಂದುದೇಕೆ? ನೆರೆಯವರ ಅಸಹನೆಯಿಂದ ಎಂದು ವಿಮಾನದವರು ಹೇಳುತ್ತಾರೆ. ವಿಮಾನದವರ ದರ್ಪದಿಂದ ಎಂದು ನೆರೆಯವರು. ಈ ವ್ಯಾಜ್ಯದ ತೀರ್ಪುಗಳನ್ನೂ ಒಪ್ಪಂದಗಳನ್ನೂ ಓದಿದ ಮೇಲೆ ನನಗೆ ತೋರುವುದು ಮೂರನೆಯದೊಂದು ಕಾರಣ. ಸದ್ದನ್ನು ಸ್ವಲ್ಪ ಕಡಿಮೆ ಮಾಡುವ ಅಧಿಕಾರವನ್ನು ಊರಿನ ಕೈಯಿಂದ ಒಂದೊಂದಾಗಿ ಕಿತ್ತುಕೊಂಡುದರಿಂದ, ಸದ್ದನ್ನು ಪೂರ್ತಿಯಾಗಿ ನಿಲ್ಲಿಸುವ ಹಟವೊಂದೇ ಊರಿಗೆ ಉಳಿಯಿತು.

ಮೊದಲು ಆ ನೆಲದ ಕಥೆಯನ್ನಿಷ್ಟು ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದ ಗ್ರೇಯರ್ ಕ್ಲೋವರ್ ಎಂಬ ತರುಣ ವಿಮಾನಿಕನ ನೆನಪಿಗೆ 1923ರಲ್ಲಿ ಆ ಬಯಲಿಗೆ ಕ್ಲೋವರ್ ಫೀಲ್ಡ್ ಎಂದು ಹೆಸರಿಟ್ಟರು. ಮರುವರ್ಷ, 1924ರ ಮಾರ್ಚ್ ತಿಂಗಳಲ್ಲಿ, ಡೊನಾಲ್ಡ್ ಡಗ್ಲಸ್ ಎಂಬಾತನ ಕಾರ್ಖಾನೆ ಕಟ್ಟಿದ ನಾಲ್ಕು ವಿಮಾನಗಳು ಅಲ್ಲಿಂದ ಸಿಯಾಟಲ್ ಕಡೆಗೆ ಹೊರಟವು. ಅವುಗಳಲ್ಲಿ ಎರಡು ಆ ಸೆಪ್ಟೆಂಬರಿನಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿ ಬಂದವು. ಆಕಾಶಮಾರ್ಗದಲ್ಲಿ ಭೂಮಿಯನ್ನು ಸುತ್ತಿ ಬಂದವರಲ್ಲಿ ಅವರೇ ಮೊದಲಿಗರು. 1935ರ ಡಿಸೆಂಬರ್ 17ರಂದು ಅದೇ ನೆಲದಿಂದ ಡಿಸಿ-3 ವಿಮಾನ ಮೊದಲ ಬಾರಿಗೆ ಮೇಲೇರಿತು. ನಮ್ಮ ಓದುಗರಿಗೆ ಅದರ ಸೈನಿಕ ರೂಪದ ಹೆಸರು ಹೆಚ್ಚು ಪರಿಚಿತ: ಡಕೋಟಾ. 1947ರ ಅಕ್ಟೋಬರ್ 27ರ ಬೆಳಗ್ಗೆ ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ಡಕೋಟಾಗಳ ಮೂಲ ಹುಡುಕಿದರೆ ಈ ಪುಟ್ಟ ಪಟ್ಟಣಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ಉಚ್ಛ್ರಾಯದಲ್ಲಿ ಡಗ್ಲಸ್ ಕಾರ್ಖಾನೆಯಲ್ಲಿ 44,000 ಜನರವರೆಗೆ ದುಡಿಯುತ್ತಿದ್ದರು. ಶತ್ರುವಿಮಾನಗಳ ಕಣ್ಣಿಗೆ ಬೀಳದಂತೆ ಕಾರ್ಖಾನೆಯನ್ನು ಮರೆಮಾಡಲು ಆಗ ಹೂಡಿದ ಉಪಾಯವೊಂದು ಬಹಳ ಸ್ವಾರಸ್ಯವಾದುದು. ಸುಮಾರು 400 ಎತ್ತರದ ಕಂಬಗಳ ಮೇಲೆ ಕೋಳಿಗೂಡಿಗೆ ಬಳಸುವ ತಂತಿಬಲೆಯನ್ನು ಹಾಸಿ, ಅದರ ಮೇಲೆ ಒಂದು ಸುಳ್ಳು ಬಡಾವಣೆಯನ್ನೇ ಕಟ್ಟಿದರು. ಹಗುರ ಮರದ ಮನೆಗಳು, ಬೇಲಿಗಳು, ಬಟ್ಟೆ ಒಣಹಾಕುವ ಹಗ್ಗಗಳು, ಕೋಳಿಪುಕ್ಕದ ಎಲೆಗಳುಳ್ಳ ಮರಗಳು. ಆಕಾಶದಿಂದ ನೋಡಿದರೆ ನೆಮ್ಮದಿಯ ಗೃಹಸ್ಥರ ಒಂದು ಕೇರಿ. ತಮ್ಮ ವಿಮಾನಿಕರಿಗೇ ನಿಲ್ದಾಣದ ಗುರುತು ಸಿಕ್ಕದಷ್ಟು ಅದು ಸಹಜವಾಗಿತ್ತಂತೆ. ಅದೇ ಕಾಲಕ್ಕೆ ನಿಲ್ದಾಣದ ಸುತ್ತ ನಿಜವಾದ ಬಡಾವಣೆಗಳೂ ಬೆಳೆದವು. ಕಾರ್ಖಾನೆಯ ಕೆಲಸಗಾರರು ನಡೆದು ಬರುವಷ್ಟು ದೂರದಲ್ಲಿ ಮನೆ ಕೊಂಡರು. ಆ ಮನೆಗಳಲ್ಲಿ ಮುಂದೆ ಬಂದು ನೆಲೆಸಿದವರೇ ಇಂದಿನ ದೂರುದಾರರು.

ಇಲ್ಲಿಯೇ ಒಂದು ಮಾತನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. “ನಿಲ್ದಾಣ ಮೊದಲು ಬಂತು, ನೀವು ಆಮೇಲೆ ಬಂದಿರಿ, ತಿಳಿದೇ ಮನೆ ಕೊಂಡಿರಿ” ಎಂಬುದು ವಿಮಾನದವರ ನಿತ್ಯದ ವಾದ. ಮೇಲ್ನೋಟಕ್ಕೆ ಇದಕ್ಕೆ ಉತ್ತರವಿಲ್ಲ. ಆದರೆ ಮೊದಲು ಬಂದದ್ದು ಯಾವ ನಿಲ್ದಾಣ? ಹಗಲು ಹೊತ್ತು ನಾಲ್ಕಾರು ಸಣ್ಣ ವಿಮಾನಗಳು ಗುಂಯ್‌ಗುಡುತ್ತಿದ್ದ ಬಯಲನ್ನು ನೋಡಿ ಮನೆ ಕೊಂಡವನಿಗೆ, ಮುಂದೊಂದು ದಿನ ಧನಿಕರ ಖಾಸಗಿ ಜೆಟ್‌ಗಳು ಅಡುಗೆಮನೆಯ ಹಿಂದೆಯೇ ಎಂಜಿನ್ ಕಾಯಿಸುತ್ತ ನಿಲ್ಲುತ್ತವೆಂದು ಯಾರು ಹೇಳಿದ್ದರು? ನಿಲ್ದಾಣದ ಹೆಸರು ಬದಲಾಗಿರಲಿಲ್ಲ, ನಿಲ್ದಾಣವೇ ಬದಲಾಗಿತ್ತು. ಹಳ್ಳಿಯಲ್ಲಿ ಎಣ್ಣೆಗಾಣದ ಪಕ್ಕದಲ್ಲಿ ಮನೆ ಮಾಡಿದವನು ಗಾಣದ ಸದ್ದಿಗೆ ಒಪ್ಪಿದ್ದಾನೆಯೇ ಹೊರತು, ಅದೇ ಜಾಗದಲ್ಲಿ ಏಳುವ ಕಬ್ಬಿಣದ ಕಾರ್ಖಾನೆಗೆ ಒಪ್ಪಿದ್ದಾನೆಂದು ಹೇಳಲಾಗದು. ಹಾಗೆಂದು ನೆರೆಯವರ ಮಾತೆಲ್ಲ ಸರಿಯೆಂದೂ ಅಲ್ಲ. 1950ರ ದಶಕದಲ್ಲಿ ಡಗ್ಲಸ್ ಕಂಪೆನಿ ತನ್ನ ಡಿಸಿ-8 ಜೆಟ್‌ಗಾಗಿ ರನ್‌ವೇಯನ್ನು ಉದ್ದ ಮಾಡಿಕೊಡಬೇಕೆಂದು ಕೇಳಿದಾಗ, ಮನೆಯವರ ವಿರೋಧಕ್ಕೆ ಮಣಿದ ಪುರಸಭೆ ಒಪ್ಪಲಿಲ್ಲ. ಕಂಪೆನಿ ಆ ವಿಮಾನವನ್ನು ಲಾಂಗ್ ಬೀಚಿನಲ್ಲಿ ಕಟ್ಟಿತು. 1975ರ ಹೊತ್ತಿಗೆ ಸಾಂಟಾ ಮೋನಿಕಾದ ಕಾರ್ಖಾನೆ ಮುಚ್ಚಿಯೇಹೋಯಿತು. ಊರಿಗೆ ಅನ್ನ ಕೊಟ್ಟ ಉದ್ಯಮ ಹೋಯಿತು, ಸದ್ದು ಮಾತ್ರ ಉಳಿಯಿತು. ಕೂಲಿ ಬರುವಾಗ ಸಹ್ಯವಾಗಿದ್ದ ಸದ್ದು ಕೂಲಿ ನಿಂತ ಮೇಲೆ ಅಸಹ್ಯವಾಯಿತೆಂಬುದೂ ಸುಳ್ಳಲ್ಲ.

ಇನ್ನು ಕಾನೂನಿನ ಕಡೆಗೆ ಬರೋಣ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಈ ಇಕ್ಕಟ್ಟಿನ ಬೇರು ಕಾಣುತ್ತದೆ. ಮೊದಲನೆಯದು 1946ರದು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ನಿಲ್ದಾಣದ ಬಳಿ ಕಾಸ್ಬಿ ಎಂಬ ಕೋಳಿ ಸಾಕುವವನೊಬ್ಬನಿದ್ದ. ಯುದ್ಧಕಾಲದ ಸೈನಿಕ ವಿಮಾನಗಳು ಅವನ ನೆಲದಿಂದ 83 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಸದ್ದಿಗೆ ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ದಿನಕ್ಕೆ ಆರರಿಂದ ಹತ್ತರವರೆಗೆ ಸಾಯುತ್ತಿದ್ದವು. ಒಟ್ಟು ಸುಮಾರು 150 ಕೋಳಿಗಳು ಸತ್ತು ಅವನ ಕಸುಬೇ ನಿಂತುಹೋಯಿತು. ನೆಲದ ಒಡೆತನ ಆಕಾಶದವರೆಗೂ ಸಲ್ಲುತ್ತದೆಂಬ ಹಳೆಯ ನ್ಯಾಯಕ್ಕೆ ಈ ಕಾಲದಲ್ಲಿ ಎಡೆಯಿಲ್ಲವೆಂದ ನ್ಯಾಯಾಲಯವು, ಆದರೂ ಇಷ್ಟು ತಗ್ಗಿನಲ್ಲಿ ಇಷ್ಟು ಸಲ ಹಾರುವುದೆಂದರೆ ಅವನ ನೆಲವನ್ನೇ ತೆಗೆದುಕೊಂಡಂತೆ, ಪರಿಹಾರ ಕೊಡಬೇಕು, ಎಂದು ವಿಧಿಸಿತು. ಎರಡನೆಯದು 1962ರ ತೀರ್ಪು. ಪಿಟ್ಸ್‌ಬರ್ಗಿನ ನಿಲ್ದಾಣದ ಬಳಿಯ ಮನೆಯವನೊಬ್ಬನ ವ್ಯಾಜ್ಯದಲ್ಲಿ, ಪರಿಹಾರವನ್ನು ಕೊಡಬೇಕಾದವರು ವಿಮಾನ ಹಾರಿಸಿದವರಲ್ಲ, ಹಾರಾಟದ ನಿಯಮ ಮಾಡಿದ ಒಕ್ಕೂಟ ಸರಕಾರವೂ ಅಲ್ಲ, ನಿಲ್ದಾಣದ ಒಡೆಯನಾದ ಜಿಲ್ಲಾಡಳಿತ ಎಂದಾಯಿತು. ಮೂರನೆಯದು 1973ರದು. ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್ ಪಟ್ಟಣ, ತನ್ನ ಎಲ್ಲೆಯೊಳಗಿದ್ದ ಖಾಸಗಿ ನಿಲ್ದಾಣದಿಂದ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರವರೆಗೆ ಜೆಟ್‌ಗಳು ಏರಬಾರದೆಂದು ಕಟ್ಟಳೆ ಮಾಡಿತ್ತು. ಆಕಾಶವು ಒಕ್ಕೂಟ ಸರಕಾರದ ಅಧೀನ, ಪಟ್ಟಣಕ್ಕೆ ಈ ಅಧಿಕಾರವಿಲ್ಲ, ಎಂದು ಐದಕ್ಕೆ ನಾಲ್ಕರ ಬಹುಮತದಿಂದ ಆ ಕಟ್ಟಳೆ ಬಿದ್ದುಹೋಯಿತು. ಒಂದು ಕಿಂಡಿ ಮಾತ್ರ ಉಳಿಯಿತು: ಪಟ್ಟಣವೇ ನಿಲ್ದಾಣದ ಒಡೆಯನಾಗಿದ್ದರೆ ಏನು ಮಾಡಬಹುದೆಂಬುದನ್ನು ನ್ಯಾಯಾಲಯವು ಅಡಿಟಿಪ್ಪಣಿಯಲ್ಲಿ ಇತ್ಯರ್ಥ ಮಾಡದೆ ಬಿಟ್ಟಿತು.

ಈ ಮೂರೂ ತೀರ್ಪುಗಳನ್ನು ಬರೆದವರು ಒಬ್ಬರೇ ನ್ಯಾಯಮೂರ್ತಿಗಳು, ವಿಲಿಯಂ ಡಗ್ಲಸ್. ವಿಮಾನ ಕಟ್ಟಿದ ಡಗ್ಲಸರಿಗೂ ಇವರಿಗೂ ಹೆಸರಿನ ಹೊರತು ನಂಟಿಲ್ಲ. ಆದರೆ ಮೂರನ್ನೂ ಕೂಡಿಸಿದರೆ ಬರುವ ಫಲ ವಿಚಿತ್ರವಾದುದು: ನೆರೆಯವನಿಗೆ ದೂರುವ ಹಕ್ಕುಂಟು, ದಂಡ ತೆರುವ ಹೊಣೆ ಊರಿನದು, ದಂಡಕ್ಕೆ ಕಾರಣವಾದ ಹಾರಾಟವನ್ನು ನಿಯಂತ್ರಿಸುವ ಅಧಿಕಾರ ದೂರದ ವಾಷಿಂಗ್ಟನ್ನಿನದು.

ಸಾಂಟಾ ಮೋನಿಕಾ ಆ ಕಿಂಡಿಯಲ್ಲಿಯೇ ನುಸುಳಲು ನೋಡಿತು. ತಾನು ಒಡೆಯ ಎಂಬ ನೆಲೆಯಿಂದ ರಾತ್ರಿ ಏರುವುದನ್ನೂ, ಹೆಲಿಕಾಪ್ಟರ್ ಕಲಿಸುವುದನ್ನೂ, ರಜಾದಿನಗಳಲ್ಲಿ ಇಳಿದು ಒಡನೆಯೇ ಏರುವ ಅಭ್ಯಾಸ ಹಾರಾಟವನ್ನೂ ನಿಷೇಧಿಸಿತು. ಒಂದು ವಿಮಾನದ ಸದ್ದಿಗೆ 100 ಡೆಸಿಬೆಲ್‌ಗಳ ಮಿತಿಯಿಟ್ಟಿತು. ಜೆಟ್‌ಗಳನ್ನು ಸಾರಾಸಗಟಾಗಿ ಬಹಿಷ್ಕರಿಸಿತು. 1979ರಲ್ಲಿ ಒಕ್ಕೂಟದ ನ್ಯಾಯಾಲಯವು ಇವುಗಳಲ್ಲಿ ಕೊನೆಯದೊಂದನ್ನು ತಳ್ಳಿಹಾಕಿ ಉಳಿದುವನ್ನು ಎತ್ತಿಹಿಡಿಯಿತು. 1981ರಲ್ಲಿ ಮೇಲಿನ ನ್ಯಾಯಾಲಯವೂ ಆ ನಿರ್ಬಂಧಗಳನ್ನು ಮಾನ್ಯ ಮಾಡಿತು. ಜೆಟ್ ಬಹಿಷ್ಕಾರ ಬಿದ್ದುದಕ್ಕೆ ಕಾರಣ ನ್ಯಾಯವಾದದ್ದೇ. ಕೆಲವು ಜೆಟ್‌ಗಳು ಪಂಖದ ವಿಮಾನಗಳಿಗಿಂತ ಮೆಲ್ಲನೆ ಸದ್ದು ಮಾಡುತ್ತವೆ. ಸದ್ದಿಗೆ ದಂಡಿಸಬೇಕೇ ಹೊರತು ಜಾತಿಗಲ್ಲ. ಬಳಿಕ 1984ರಲ್ಲಿ ಒಕ್ಕೂಟ ಸರಕಾರಕ್ಕೂ ಪುರಸಭೆಗೂ ಒಂದು ಒಪ್ಪಂದವಾಯಿತು. ಸದ್ದಿನ ಮಿತಿ 95 ಡೆಸಿಬೆಲ್‌ಗೆ ಇಳಿಯಿತು. ನಿಲ್ದಾಣವನ್ನು 2015ರವರೆಗೆ ತೆರೆದಿಡುವುದಾಗಿ ಊರು ಮಾತು ಕೊಟ್ಟಿತು. ಇಲ್ಲಿಗೆ ಜಗಳ ಮುಗಿಯಬೇಕಾಗಿತ್ತು. ನನ್ನ ಮಟ್ಟಿಗೆ ಇದೇ ಆ ಇಡೀ ಚರಿತ್ರೆಯಲ್ಲಿ ವಿವೇಕದ ಗಳಿಗೆ.

ಮುಗಿಯಲಿಲ್ಲವೇಕೆಂದರೆ, ಆ ಮಿತಿ ಅಳೆಯುತ್ತಿದ್ದುದು ಒಂದು ವಿಮಾನ ಒಮ್ಮೆ ಮಾಡುವ ಸದ್ದನ್ನು. ಎಷ್ಟು ಬಾರಿ ಎಂಬುದನ್ನು ಅದು ಕೇಳುತ್ತಿರಲಿಲ್ಲ. ಜೆಟ್ ಎಂಜಿನ್ನುಗಳು ವರ್ಷವರ್ಷಕ್ಕೆ ಮೆತ್ತಗಾದವು, 95ರ ಗೆರೆಯ ಕೆಳಗೆ ಸಲೀಸಾಗಿ ನುಸುಳಿದವು. ಹಾಗೆ ನುಸುಳಿದ ಜೆಟ್‌ಗಳ ಸಂಖ್ಯೆ ಬೆಳೆಯುತ್ತ ಹೋಯಿತು. ನಿಯಮವನ್ನು ಯಾರೂ ಮುರಿಯಲಿಲ್ಲ. ರಾತ್ರಿಯ ನಿಷೇಧವೂ ಏರುವ ವಿಮಾನಕ್ಕೆ ಮಾತ್ರ, ಇಳಿಯುವುದಕ್ಕಲ್ಲ. ಈ ಹೊಸ ಸ್ಥಿತಿಗೆ ತಕ್ಕ ಹೊಸ ನಿಯಮ ಮಾಡಹೋದರೆ, ಅಷ್ಟರಲ್ಲಿ 1990ರ ಕಾಯಿದೆ ಅಡ್ಡ ನಿಂತಿತ್ತು. ಆ ವರ್ಷ ಅಮೆರಿಕದ ಸಂಸತ್ತು, ಸದ್ದಿನ ವಿಷಯದಲ್ಲಿ ಊರೂರಿಗೊಂದು ನಿಯಮವಾದರೆ ದೇಶದ ವಿಮಾನ ಸಂಚಾರವೇ ಕೆಡುತ್ತದೆಂದು, ಇನ್ನು ಮುಂದೆ ಯಾವ ನಿಲ್ದಾಣವೂ ವಿಧಿಬದ್ಧ ಅಧ್ಯಯನವಿಲ್ಲದೆ ಹೊಸ ನಿರ್ಬಂಧ ಹೇರಕೂಡದೆಂದು ಶಾಸನ ಮಾಡಿತು. ಹೊಸ ಬಗೆಯ ಮೆತ್ತಗಿನ ವಿಮಾನಗಳ ಮಟ್ಟಿಗಂತೂ ಹಾರಿಸುವವರೆಲ್ಲರ ಒಪ್ಪಿಗೆ ಇಲ್ಲವೆ ವಾಷಿಂಗ್ಟನ್ನಿನ ಅನುಮತಿ ಬೇಕೇಬೇಕು. ಸಂಸತ್ತಿನ ಭಯ ನಿರಾಧಾರವಾದುದಲ್ಲ. ಒಂದು ಊರು ರಾತ್ರಿ ಹತ್ತಕ್ಕೆ, ಇನ್ನೊಂದು ಎಂಟಕ್ಕೆ ಬಾಗಿಲು ಹಾಕಿದರೆ ವಿಮಾನಿಕನ ಪಾಡೇನು? ಆದರೆ ದೊಡ್ಡ ನಿಲ್ದಾಣಗಳನ್ನು ಕಣ್ಣಮುಂದಿಟ್ಟು ಮಾಡಿದ ಶಾಸನವನ್ನು, ಸಾರ್ವಜನಿಕ ವಿಮಾನಸೇವೆಯೇ ಇಲ್ಲದ, ಕೆಲವೇ ಧನಿಕರ ಅನುಕೂಲಕ್ಕೆ ನಡೆಯುವ ಸಣ್ಣ ನಿಲ್ದಾಣಗಳಿಗೂ ಹೊದಿಸಿದುದು ಅತಿಯಾಯಿತು. ಫ್ಲಾರಿಡಾದ ನೇಪಲ್ಸ್ ನಿಲ್ದಾಣ ವಿಧಿಯಂತೆ ಅಧ್ಯಯನ ಮಾಡಿಸಿ, ಹಳೆಯ ಗದ್ದಲದ ಜೆಟ್‌ಗಳನ್ನು ತಡೆದು, 2005ರಲ್ಲಿ ನ್ಯಾಯಾಲಯದಲ್ಲಿ ಗೆದ್ದಿತು. ಅಂಥ ಗೆಲುವು ವಿರಳ.

ನ್ಯೂಯಾರ್ಕ್ ರಾಜ್ಯದ ಈಸ್ಟ್ ಹ್ಯಾಂಪ್ಟನ್ನಿನ ಅನುಭವ ನನ್ನ ಮಾತಿಗೆ ಇನ್ನೊಂದು ಸಾಕ್ಷಿ. ಬೇಸಗೆಯಲ್ಲಿ ಹೆಲಿಕಾಪ್ಟರಿನಲ್ಲಿ ಬಂದಿಳಿಯುವ ಸಿರಿವಂತರ ಗದ್ದಲ ತಾಳದೆ ಆ ಊರು 2015ರಲ್ಲಿ ರಾತ್ರಿ ನಿಷೇಧವನ್ನು ತಂದಿತು. 1990ರ ಕಾಯಿದೆಯ ವಿಧಿ ಅನುಸರಿಸಿಲ್ಲವೆಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಮುಂದೇನಾಯಿತು? ಕೆಲವು ಗಂಟೆಗಳ ಮೌನವನ್ನಷ್ಟೇ ಬೇಡಿದ್ದ ಊರು, ನಿಲ್ದಾಣವನ್ನೇ ಮುಚ್ಚಿ, ತನ್ನ ಷರತ್ತುಗಳ ಖಾಸಗಿ ನಿಲ್ದಾಣವಾಗಿ ಮತ್ತೆ ತೆರೆಯುವ ಸಾಹಸಕ್ಕೆ 2022ರಲ್ಲಿ ಇಳಿಯಿತು. ಅದನ್ನೂ ರಾಜ್ಯದ ನ್ಯಾಯಾಲಯ ತಡೆಯಿತು. ಸಣ್ಣ ಬೇಡಿಕೆಗೆ ಇಲ್ಲವೆಂದಾಗ ದೊಡ್ಡ ಬೇಡಿಕೆ ಹುಟ್ಟಿತು. ಎರಡು ಪಟ್ಟಣಗಳ ನಡುವೆ ಒಂದು ಖಂಡದ ಅಂತರವಿದ್ದರೂ ನಡೆದ ದಾರಿ ಒಂದೇ.

ಕೈ ಕಟ್ಟುವ ಇನ್ನೊಂದು ಹಗ್ಗವೆಂದರೆ ಹಣ. ರನ್‌ವೇ ದುರಸ್ತಿಗೆ, ದೀಪಗಳಿಗೆ ವಾಷಿಂಗ್ಟನ್ನಿನಿಂದ ಅನುದಾನ ಪಡೆದ ನಿಲ್ದಾಣ, ಅದರ ಜೊತೆಗೆ ಷರತ್ತುಗಳನ್ನೂ ಪಡೆಯುತ್ತದೆ: ಎಲ್ಲ ಬಗೆಯ ವಿಮಾನಗಳಿಗೂ ಪಕ್ಷಪಾತವಿಲ್ಲದೆ ಪ್ರವೇಶ ಕೊಡತಕ್ಕದ್ದು. ಸಾಂಟಾ ಮೋನಿಕಾ ತನ್ನ ಕೊನೆಯ ಅನುದಾನವನ್ನು 1994ರಲ್ಲಿ ಪಡೆಯಿತು. ಅದರ ಬಂಧನ ಇಪ್ಪತ್ತು ವರ್ಷಕ್ಕೆ, 2014ಕ್ಕೆ, ಮುಗಿಯಿತೆಂದು ಊರು. 2003ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ ಇನ್ನಷ್ಟು ಹಣ ಪಡೆದುದರಿಂದ 2023ರವರೆಗೆ ಉಂಟೆಂದು ವಾಷಿಂಗ್ಟನ್. ಸಾಲದುದಕ್ಕೆ, ಯುದ್ಧಕಾಲದಲ್ಲಿ ವಹಿಸಿಕೊಂಡಿದ್ದ ನೆಲವನ್ನು 1948ರಲ್ಲಿ ಹಿಂದಿರುಗಿಸುವಾಗ ಬರೆದ ಪತ್ರದಲ್ಲಿ, ಇದು ಎಂದೆಂದಿಗೂ ನಿಲ್ದಾಣವಾಗಿಯೇ ಇರಬೇಕೆಂಬ ಅರ್ಥದ ಮಾತೊಂದು ಸೇರಿತ್ತು. 2008ರಲ್ಲಿ ಪುರಸಭೆ, ರನ್‌ವೇಯ ತುದಿಗೂ ಮನೆಗಳಿಗೂ ಸುಮಾರು 300 ಅಡಿ ಮಾತ್ರ ಅಂತರವಿದೆ, ವೇಗದ ಜೆಟ್‌ಗಳು ಬೇಡ, ಎಂದು ಸುರಕ್ಷತೆಯ ಹೆಸರಿನಲ್ಲಿ ನಿಷೇಧ ತಂದಾಗ, 2011ರಲ್ಲಿ ನ್ಯಾಯಾಲಯ ಇದೇ ಅನುದಾನದ ಷರತ್ತನ್ನು ಎತ್ತಿ ತೋರಿಸಿತು. ಉಚಿತವಾಗಿ ಬಂದ ಹಣದಷ್ಟು ದುಬಾರಿಯಾದ ಹಣ ಇನ್ನೊಂದಿಲ್ಲವೆಂದು ಆ ಊರಿನ ಲೆಕ್ಕಪತ್ರದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಈ ಎಲ್ಲದರ ನಡುವೆ ಸಿಕ್ಕಿಕೊಂಡವರು ನಿಲ್ದಾಣದ ವ್ಯವಸ್ಥಾಪಕರು. ಅವರ ಕಚೇರಿಯಲ್ಲಿ ದೂರುಗಳನ್ನು ದಾಖಲಿಸುತ್ತಾರೆ. ರನ್‌ವೇಯ ಎರಡೂ ತುದಿಯಾಚೆ ಧ್ವನಿಮಾಪಕಗಳಿವೆ. ಯಾವ ವಿಮಾನ, ಎಷ್ಟು ಗಂಟೆಗೆ, ಎಷ್ಟು ಡೆಸಿಬೆಲ್ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮಿತಿ ಮೀರಿದವರಿಗೆ ಮೊದಲು ತಿಳಿವಳಿಕೆ, ಆಮೇಲೆ ಸಾವಿರಾರು ಡಾಲರುಗಳವರೆಗೆ ದಂಡ. ಕಡಲ ಕಡೆಗೆ ಏರುವ ವಿಮಾನಿಕರು ಮನೆಗಳ ಮೇಲೆ ತಿರುಗದೆ ಪೆನ್‌ಮಾರ್ ಗಾಲ್ಫ್ ಮೈದಾನದ ಮೇಲೆ ಸಾಗಲೆಂದು ವಿನಂತಿ. ಕೊನೆಯದು ವಿನಂತಿಯೇ, ಆಜ್ಞೆ ಮಾಡಲು ಆಕಾಶ ಅವರದಲ್ಲ. ದೂರು ಕೊಟ್ಟವನಿಗೆ ಅವರು ಹೇಳಬಹುದಾದ ಉತ್ತರ ಬಹಳ ಸಲ ಒಂದೇ: “ನೀವು ಹೇಳಿದ ವಿಮಾನವನ್ನು ಗುರುತಿಸಿದ್ದೇವೆ, ಅದು ನಿಯಮ ಮೀರಿಲ್ಲ.” ಇದು ಸತ್ಯವಾದ ಉತ್ತರ, ಆದರೆ ನಿದ್ದೆಗೆಟ್ಟವನಿಗೆ ಇದಕ್ಕಿಂತ ಕೆರಳಿಸುವ ಮಾತು ಬೇರೆ ಇರಲಾರದು.

ಇಲ್ಲಿ ಅಳತೆಯ ಪ್ರಶ್ನೆಯೂ ಬರುತ್ತದೆ. ಒಕ್ಕೂಟ ಸರಕಾರದ ಲೆಕ್ಕದಲ್ಲಿ ಸದ್ದೆಂದರೆ ಇಡೀ ಹಗಲು ರಾತ್ರಿಯ ಸರಾಸರಿ. ರಾತ್ರಿಯ ಸದ್ದಿಗೆ ಹತ್ತು ಡೆಸಿಬೆಲ್ ಕೂಡಿಸಿ ಎಣಿಸುತ್ತಾರೆ. ಆ ಸರಾಸರಿ 65ನ್ನು ಮುಟ್ಟದಿದ್ದರೆ ಆ ಜಾಗ ವಾಸಕ್ಕೆ ಯೋಗ್ಯವೆಂದೇ ಅರ್ಥ. ಸಣ್ಣ ನಿಲ್ದಾಣಗಳಲ್ಲಿ 65ರ ಗೆರೆ ಬಹುಮಟ್ಟಿಗೆ ಬೇಲಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಾಗದದ ಮೇಲೆ ಸದ್ದೇ ಇಲ್ಲ! ಆದರೆ ಮನುಷ್ಯನ ಕಿವಿ ಸರಾಸರಿಯನ್ನು ಕೇಳುವುದಿಲ್ಲ. ಮಗುವನ್ನು ಮಲಗಿಸಿದ ಗಳಿಗೆಯಲ್ಲಿ ಬಂದ ಒಂದು ಸದ್ದನ್ನು ಕೇಳುತ್ತದೆ, ಇನ್ನೊಂದು ಯಾವಾಗ ಬರುವುದೋ ಎಂದು ಕಾಯುತ್ತದೆ. 2021ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವೇ 20 ನಿಲ್ದಾಣಗಳ ಸುತ್ತ 10,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ವರದಿಯನ್ನು ಹೊರತಂದಿತು. ಅಷ್ಟೇ ಸದ್ದಿಗೆ ತೀವ್ರವಾಗಿ ಬೇಸರಪಡುವವರು ಹಳೆಯ ಲೆಕ್ಕಕ್ಕಿಂತ ಬಹಳ ಹೆಚ್ಚೆಂದು ಅದರಿಂದ ತಿಳಿಯಿತು. ಆ ನಿಲ್ದಾಣಗಳು ದೊಡ್ಡವು, ನಿಜ. ಆದರೂ ಹಳೆಯ ಅಳತೆಗೋಲಿನ ಮೇಲಿನ ನಂಬಿಕೆಯನ್ನು ಆ ವರದಿ ಸಡಿಲಿಸದೆ ಇರದು.

ಕೊನೆಗೂ 2017ರ ಜನವರಿಯಲ್ಲಿ ರಾಜಿಯಾಯಿತು. ರನ್‌ವೇಯನ್ನು 4,973 ಅಡಿಯಿಂದ 3,500 ಅಡಿಗೆ ಮೊಟಕುಗೊಳಿಸುವುದು. 2028ರ ಕೊನೆಯವರೆಗೆ ನಿಲ್ದಾಣವನ್ನು ನಡೆಸುವುದು. ಆಮೇಲೆ ಊರಿನ ಇಷ್ಟ. ಆ ವರ್ಷವೇ ರನ್‌ವೇ ಕಿರಿದಾಯಿತು, ದೊಡ್ಡ ಜೆಟ್‌ಗಳು ಬರುವುದು ನಿಂತಿತು. ಇಷ್ಟು ಮೊದಲೇ ಆಗಿದ್ದರೆ ಮುಚ್ಚುವ ಮಾತು ಬರುತ್ತಿತ್ತೇ ಎಂದು ನನಗೆ ಹಲವು ಸಲ ಅನ್ನಿಸಿದೆ. ಈಗ ತಡವಾಯಿತು. ಮೂವತ್ತು ನಾಲ್ವತ್ತು ವರ್ಷಗಳ ವ್ಯಾಜ್ಯದಲ್ಲಿ ಬೆಳೆದ ಜನಕ್ಕೆ ಕಡಿಮೆ ಸದ್ದು ಬೇಡ, ಸದ್ದೇ ಬೇಡ. ಸಣ್ಣ ವಿಮಾನಗಳು ಸೀಸ ಬೆರೆತ ಪೆಟ್ರೋಲನ್ನು ಉರಿಸುತ್ತವೆಂಬ ಹೊಸ ಆತಂಕವೂ ಅದಕ್ಕೆ ಕೂಡಿಕೊಂಡಿತು.

200ಕ್ಕೂ ಹೆಚ್ಚು ಎಕರೆಯ ಆ ನೆಲದಲ್ಲಿ ಮುಂದೇನು ಎಂಬ ಚರ್ಚೆ ಆಗಲೇ ಬಿಸಿಯಾಗಿದೆ. ಉದ್ಯಾನ, ಬಯಲು, ಆಟದ ಮೈದಾನ ಇವುಗಳ ಹೊರತು ಬೇರೇನನ್ನು ಕಟ್ಟುವುದಿದ್ದರೂ ಮತದಾರರ ಒಪ್ಪಿಗೆ ಬೇಕೆಂದು 2014ರಲ್ಲೇ ಜನ ಮತ ಹಾಕಿ ಗೊತ್ತುಮಾಡಿದ್ದಾರೆ. ಮನೆಗಳಿಗೆ ಬರಗಾಲವಿರುವ ಊರಿನಲ್ಲಿ ಅಷ್ಟೂ ನೆಲವನ್ನು ಹುಲ್ಲಿಗೆ ಬಿಡುವುದೇ ಎನ್ನುವವರೂ ಇದ್ದಾರೆ. ಮತವಿಲ್ಲದೆ ಸದ್ದನ್ನು ಮಾತ್ರ ಕೇಳುತ್ತ ಬಂದವರು ನಿಲ್ದಾಣದ ಮಗ್ಗುಲಲ್ಲೇ ಇರುವ ವೆನಿಸ್, ಮಾರ್ ವಿಸ್ತಾ ಬಡಾವಣೆಗಳ ಜನ. ಅವರು ಲಾಸ್ ಏಂಜಲೀಸಿನ ಪೌರರಾದುದರಿಂದ ಸಾಂಟಾ ಮೋನಿಕಾದ ಚುನಾವಣೆಯಲ್ಲಿ ಅವರಿಗೆ ಪಾತ್ರವಿಲ್ಲ. ಸದ್ದು ನಿಂತರೆ ಅವರಿಗೂ ಲಾಭವೇ.

ಅಲ್ಲಿಂದ ಎದ್ದ ವಿಮಾನಗಳು ಎಲ್ಲಿಗೆ ಹೋಗುತ್ತವೆ? ಸುತ್ತಿನಲ್ಲಿ ಹಾಥಾರ್ನ್ ಇದೆ, ಟಾರೆನ್ಸ್ ಇದೆ, ಗುಡ್ಡದಾಚೆ ವ್ಯಾನ್ ನೈಸ್ ಇದೆ. ಹಾಥಾರ್ನ್, ಟಾರೆನ್ಸ್‌ಗಳ ನಿಲ್ದಾಣಗಳು ಆ ಪಟ್ಟಣಗಳ ಸ್ವಂತದವು. ವ್ಯಾನ್ ನೈಸಿನದು ಲಾಸ್ ಏಂಜಲೀಸ್ ನಗರದ್ದು. ಬೇಲಿಗಳಾಚೆ ಅಲ್ಲಿಯೂ ಮನೆಗಳಿವೆ, ಅಲ್ಲಿನ ಕಚೇರಿಗಳಲ್ಲಿಯೂ ದೂರುಗಳು ದಾಖಲಾಗುತ್ತಿವೆ. 1990ರ ಕಾಯಿದೆ ಇನ್ನೂ ಜಾರಿಯಲ್ಲಿದೆ.